ಎದೆ ಡವಡವ, ಭಾಗ 3: 'ಏನೂ ಇಲ್ಲ' ಅಂದ್ರೆ ಏನು?

ಪ್ರಿಪರೇಟರಿ ಪರೀಕ್ಷೆಯ ದಿನ ಎದೆ ಡವಡವ, ಕೈ ಜೋಮು, ಸತ್ತೇ ಹೋಗ್ತೇನೆ ಅಂತ ಆಯ್ತು. ಪೆರಾಬೆಯಿಂದ ಪುತ್ತೂರಿಗೆ ಓಡಿದೆವು. ಇಸಿಜಿ ನಾರ್ಮಲ್. "ಏನೂ ಇಲ್ಲ" ಅಂದ್ರು. ಹಾಗಾದ್ರೆ ನಾನು ಮಾಡಿದ್ದು ನಾಟಕವಾ ಮಾರಾಯ್ರೆ?

ಈ ಪ್ರಶ್ನೆ ಹಳೆಯದು. ಅಮೆರಿಕದ ಅಂತರ್ಯುದ್ಧದ ಸೈನಿಕರಿಗೂ ಎದೆಬಡಿತ, ಎದೆನೋವು, ಏದುಸಿರು. ಪರೀಕ್ಷಿಸಿದರೆ ಹೃದಯದಲ್ಲಿ ಕಾಣುವ ದೋಷ ಇಲ್ಲ. ಆದರೂ ಡಾ. ಜೇಕಬ್ ಡ ಕೋಸ್ಟಾ 1871ರಲ್ಲಿ ಅದನ್ನು ನಿಜವಾದ ತೊಂದರೆ ಎಂದೇ ಬರೆದರು. 'ಪ್ಯಾನಿಕ್ ಡಿಸಾರ್ಡರ್' ಎಂಬ ಹೆಸರು ಅಮೆರಿಕದ ಮನೋವೈದ್ಯರ ಕೈಪಿಡಿಗೆ ಬಂದದ್ದು 1980ರಲ್ಲಿ!

ಅದೇ ದಶಕದಲ್ಲಿ ನಮ್ಮ ನಿಮ್ಹಾನ್ಸ್, ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ಮನಸ್ಸಿನ ಕಾಯಿಲೆ ಗುರುತಿಸಲು ಕಲಿಸಿತು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. 2022ರಿಂದ ಟೆಲಿ ಮಾನಸ್ ಉಂಟು: 14416, ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಆಗುವುದಿಷ್ಟೆ: ಅಪಾಯ ಇಲ್ಲದಿದ್ದರೂ ದೇಹ ಅಡ್ರಿನಲಿನ್ ಸುರೀತದೆ. ಸಾಮಾನ್ಯವಾಗಿ ಕೆಲವೇ ನಿಮಿಷದಲ್ಲಿ ಏರಿ, ಮೆಲ್ಲ ಇಳೀತದೆ. ಪಾದ ನೆಲಕ್ಕೂರಿ, ಉಸಿರು ನಿಧಾನ ಹೊರಗೆ ಬಿಡಿ. ಮೊದಲ ಸಲವಾದ್ರೆ ಡಾಕ್ಟರಿಗೆ ತೋರಿಸ್ಲೇಬೇಕು.

'ಏನೂ ಇಲ್ಲ' ಅಂದ್ರೆ ಹೃದಯಕ್ಕೆ ಏನೂ ಇಲ್ಲ ಅಂತ. ನಿಮಗಾದದ್ದು ಸುಳ್ಳು ಅಂತ ಅಲ್ಲ.

ಪಕ್ಕದ ಬೆಂಚಿನವರಿಗೆ ಕಳಿಸಿ.