ಮಣ್ಣಿನ ಮನುಷ್ಯ

ಕಳೆದ ಮಳೆಗಾಲದಲ್ಲಿ ಹಳ್ಳಿಯೊಂದರಲ್ಲಿ ಕೂಲಿ ಮಾಡಿ ಬದುಕಿದ್ದ ಅಜ್ಜಿಯೊಬ್ಬರ ಮಣ್ಣಿಗೆ ಹೋಗಿದ್ದೆ. ದೇಹ ಬರೀ ಪಂಜರ, ಆತ್ಮದ ಹಕ್ಕಿ ಹಾರಿಹೋಯಿತು ಎಂದು ಪ್ರಸಂಗ ಸಾಗಿತ್ತು. ಪೆಟ್ಟಿಗೆ ಮುಚ್ಚುವ ಮುನ್ನ ಮಗಳು ತಾಯಿಯ ಒಡೆದ ಹಿಮ್ಮಡಿಗಳನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು. ಮೂವತ್ತು ವರ್ಷ ದೇವಶಾಸ್ತ್ರದ ಪಾಠ ಹೇಳಿದ ನನಗೆ ಪ್ರಸಂಗಕ್ಕಿಂತ ಆ ಕೈಗಳೇ ಬೈಬಲಿಗೆ ಹತ್ತಿರ ಎನ್ನಿಸಿದವು.

ಹೀಬ್ರೂವಿನಲ್ಲಿ ‘ಆದಾಮ್’ ಎಂದರೆ ಮನುಷ್ಯ, ‘ಅದಾಮಾ’ ಎಂದರೆ ನೆಲ. ನಾವು ಆತ್ಮವೆಂದು ತಿಳಿಯುವ ‘ನೆಫೆಶ್’ಗೆ ಗಂಟಲು, ಉಸಿರು, ಇಡೀ ಜೀವ ಎಂಬ ಅರ್ಥಗಳಿವೆ. ಆದಿಕಾಂಡದ ಎರಡನೆಯ ಅಧ್ಯಾಯದಲ್ಲಿ ಮನುಷ್ಯನೊಳಗೆ ನೆಫೆಶನ್ನು ತಂದು ಇಡುವುದಿಲ್ಲ. ದೇವರ ಉಸಿರು ಹೊಕ್ಕ ಮಣ್ಣೇ ನೆಫೆಶ್ ಆಗುತ್ತದೆ.

ಕ್ರೈಸ್ತ ಚಿಂತನೆ ಗ್ರೀಕ್ ಜಗತ್ತಿಗೆ ಕಾಲಿಟ್ಟ ಮೇಲೆ ಅದರ ಮೇಲೆ ಪ್ಲೇಟೋನ ನೆರಳು ಬಿತ್ತು. ದೇಹವನ್ನು ಹೀನವೆಂದ ಜ್ಞಾನಪಂಥಿಗಳಿಗೆ ಎರಡನೆಯ ಶತಮಾನದಲ್ಲೇ ಐರೇನಿಯಸ್ ಎದುರುನಿಂತ. ನಾಲ್ಕನೆಯ ಶತಮಾನದ ನಿಸ್ಸಾದ ಗ್ರೆಗರಿ, ದೇವರ ಸ್ವರೂಪ ಹೊತ್ತವರನ್ನು ಕೊಳ್ಳಲು ಯಾರಿಗೆ ಹಕ್ಕಿದೆ ಎಂದು ಗುಲಾಮಗಿರಿಯನ್ನೇ ಪ್ರಶ್ನಿಸಿದ. ಆಗಸ್ಟೀನನಿಂದ ಮೂಲಪಾಪದ ಚರ್ಚೆ ಮುಂದೆ ಬಂತು. ಹದಿಮೂರನೆಯ ಶತಮಾನದಲ್ಲಿ ಥಾಮಸ್ ಅಕ್ವಿನಾಸ್, ಆತ್ಮವೊಂದೇ ಮನುಷ್ಯನಲ್ಲ ಎಂದು ಸ್ಪಷ್ಟವಾಗಿ ಹೇಳಿದ. 1955ರಲ್ಲಿ ಆಸ್ಕರ್ ಕುಲ್‌ಮನ್, ಆತ್ಮದ ಅಮರತ್ವ ಗ್ರೀಕರದು, ಸತ್ತವರ ಪುನರುತ್ಥಾನ ಹೊಸ ಒಡಂಬಡಿಕೆಯದು ಎಂದು ವಾದಿಸಿದಾಗ ನೊಂದವರು ಹಲವರು. ಗೆರೆಯನ್ನು ಅವರು ತುಸು ಗಟ್ಟಿಯಾಗಿಯೇ ಎಳೆದರು, ಆದರೆ ಎಳೆದ ಜಾಗ ಸರಿ.

ಕನ್ನಡದಲ್ಲಿ ತೊಡಕು ಇನ್ನೊಂದಿದೆ. ಉಪನಿಷತ್ತುಗಳ ಭಾರ ಹೊತ್ತ ‘ಆತ್ಮ’ವನ್ನೇ ನಾವು ಪವಿತ್ರಾತ್ಮನಿಗೂ ಬಳಸಿದೆವು, ಮನುಷ್ಯನ ಒಳಜೀವಕ್ಕೂ ಬಳಸಿದೆವು. ‘ಉಸಿರು’, ‘ಒಡಲು’ ಎಂಬ ಮಾತುಗಳು ಪಕ್ಕದಲ್ಲೇ ಇದ್ದವು.

ನನ್ನ ತಲೆಮಾರನ್ನು ಬೆಳೆಸಿದ್ದು ಬೆಂಗಳೂರು. ಇಲ್ಲಿನ ಧರ್ಮ ಮತ್ತು ಸಮಾಜ ಅಧ್ಯಯನ ಸಂಸ್ಥೆಯಲ್ಲಿ ಪಿ.ಡಿ. ದೇವಾನಂದನ್ ಅವರ ತರುವಾಯ ಎಂ.ಎಂ. ಥಾಮಸ್, ರಕ್ಷಣೆಯನ್ನು ಮನುಷ್ಯತ್ವದ ಹೋರಾಟದಿಂದ ಬೇರ್ಪಡಿಸಲಾಗದು ಎಂದರು. ಹೀಗೆ ವಾದಿಸಿದ ಅವರ ಪುಸ್ತಕ 1971ರದು. ಆದರೆ ಅವರ ‘ಮನುಷ್ಯ’ನಿಗೆ ಜಾತಿ ಇನ್ನೂ ಅಂಟಿರಲಿಲ್ಲ. ಅದನ್ನು ಎತ್ತಿದವರು ಅರವಿಂದ ನಿರ್ಮಲ್. 1981ರಲ್ಲಿ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅವರು ಮಾಡಿದ ಭಾಷಣದಿಂದ ದಲಿತ ದೇವಶಾಸ್ತ್ರ ಕವಲೊಡೆಯಿತು. ದಲಿತರ ನೋವು ಉದಾಹರಣೆಯಲ್ಲ, ಅರಿವು ಹುಟ್ಟುವ ಜಾಗವೇ ಅದು ಎಂಬುದು ಅವರ ನಿಲುವು. 1998ರಲ್ಲಿ ಸತ್ಯನಾಥನ್ ಕ್ಲಾರ್ಕ್, ದಲಿತರಾದ ಪರೈಯರ ತಮಟೆಯಲ್ಲಿ ಕ್ರಿಸ್ತನ ಸಂಕೇತವನ್ನು ಕಂಡರು: ಸತ್ತ ದನದ ತೊಗಲು, ಅದನ್ನು ಹದಮಾಡಿದ ಕೈ, ಅದರಿಂದೇಳುವ ನಾದ. ದಲಿತ ದೇವಶಾಸ್ತ್ರವನ್ನು ಬರೀ ಸಮಾಜಶಾಸ್ತ್ರವೆಂದು ತಳ್ಳಿಹಾಕುವುದು ಈಗ ರೂಢಿಯಾಗಿದೆ. ನಾನು ಒಪ್ಪಲಾರೆ. ಮುಟ್ಟಿಸಿಕೊಳ್ಳದೆ ಇರುವುದು ದೇಹಕ್ಕೆ ಆಗುವ ಅನ್ಯಾಯ. ದೇಹ ಪಂಜರವಾದರೆ ಅದು ಸಣ್ಣ ವಿಷಯವಾಗಿಬಿಡುತ್ತದೆ. ಅಜ್ಜಿಯನ್ನು ಹೂತದ್ದು ಸಭೆಯ ಸಮಾಧಿಭೂಮಿಯ ಬೇಲಿಯಾಚೆ.

ಬಿಟ್ಟುಹೋದದ್ದೂ ಬಹಳ. ಈ ದೇವಶಾಸ್ತ್ರದ ಮೊದಲ ಬರಹಗಳಲ್ಲಿ ದಲಿತ ಹೆಣ್ಣಿನ ಒಡಲು ಬದಿಗೆ ಸರಿಯಿತು. ಆಕೆಯ ಹೆರಿಗೆ, ಮುಟ್ಟು, ಹೊಲದ ದುಡಿಮೆ ಯಾವುದೂ ಸಿದ್ಧಾಂತಕ್ಕೆ ಬರಲಿಲ್ಲ. ಅಂಗವಿಕಲರ ಒಡಲೂ ಹಾಗೆಯೇ. ಗಾಯದ ಗುರುತು ಉಳಿಸಿಕೊಂಡೇ ಎದ್ದ ಕ್ರಿಸ್ತನಿಂದ ಅಂಗವಿಕಲರ ದೇವಶಾಸ್ತ್ರವನ್ನು ನ್ಯಾನ್ಸಿ ಐಸ್‌ಲ್ಯಾಂಡ್ ಕಟ್ಟಿದ್ದು 1994ರಲ್ಲಿ. ನಮ್ಮ ಎಷ್ಟೋ ಚರ್ಚುಗಳ ಮೆಟ್ಟಿಲ ಪಕ್ಕದಲ್ಲಿ ಇವತ್ತಿಗೂ ಗಾಲಿಕುರ್ಚಿಗೆ ಇಳಿಜಾರಿಲ್ಲ.