ನೆಟ್‌ವರ್ಕ್ ಹೋದ ಮೇಲೆ: ಮನೆಯಲ್ಲಿರಬೇಕಾದ ರೇಡಿಯೊ, ನೀರು ಮತ್ತು ಒಂದಿಷ್ಟು ಕಾನೂನು

2022ರ ಸೆಪ್ಟೆಂಬರ್ 4ರ ರಾತ್ರಿಯ ಮಳೆಗೆ ಬೆಂಗಳೂರಿನ ಪೂರ್ವ ಭಾಗ ಮುಳುಗಿದ್ದು ನಿಮಗೆ ನೆನಪಿರುತ್ತೆ. ಐಟಿ ಉದ್ಯೋಗಿಗಳು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದ ಫೋಟೊಗಳು ದೇಶವೆಲ್ಲ ಓಡಾಡಿದವು. ಯಮಲೂರಿನಲ್ಲಿ, ಸರ್ಜಾಪುರ ರಸ್ತೆಯ ರೇನ್‌ಬೋ ಡ್ರೈವ್ ಬಡಾವಣೆಯಲ್ಲಿ ದೋಣಿಗಳು ಓಡಿದವು. ಅದೇ ಮಳೆಯ ಇನ್ನೊಂದು ಸಂಗತಿ ಅಷ್ಟಾಗಿ ಚರ್ಚೆಯಾಗಲಿಲ್ಲ. ಇಲ್ಲಿಂದ ಸುಮಾರು 100 ಕಿ.ಮೀ. ದೂರದ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿ ಪಂಪ್‌ಹೌಸ್‌ಗೂ ನೀರು ನುಗ್ಗಿ, ನಗರದ ಬಹುಭಾಗಕ್ಕೆ ಕಾವೇರಿ ನೀರು ನಿಂತುಹೋಯಿತು. ಬೀದಿಯಲ್ಲಿ ಸೊಂಟದ ಮಟ್ಟ ನೀರು, ನಲ್ಲಿಯಲ್ಲಿ ಹನಿ ಇಲ್ಲ.

ನಗರದ ವಿಪತ್ತು ಅಂದರೆ ಹೀಗೇ. ಒಂದು ಹೋದರೆ ಅದಕ್ಕೆ ಜೋತುಬಿದ್ದ ನಾಲ್ಕು ಹೋಗುತ್ತವೆ. ನೀರು ಏರಿದ ಕಡೆ ವಿದ್ಯುತ್ ಕಡಿತ ಮಾಡುತ್ತಾರೆ, ಮಾಡಲೇಬೇಕು. 2022ರ ಆ ಮಳೆಯಲ್ಲೇ ವೈಟ್‌ಫೀಲ್ಡ್ ಬಳಿಯ ಸಿದ್ದಾಪುರದಲ್ಲಿ ನೀರು ನಿಂತ ರಸ್ತೆಯ ವಿದ್ಯುತ್ ಕಂಬ ತಾಗಿ ಯುವತಿಯೊಬ್ಬರು ಪ್ರಾಣ ಕಳೆದುಕೊಂಡರು. ಆದರೆ ಕರೆಂಟು ಹೋದ ತಕ್ಷಣ ಸಂಪ್‌ನಿಂದ ಟ್ಯಾಂಕಿಗೆ ನೀರು ಏರುವುದಿಲ್ಲ, ಲಿಫ್ಟ್ ಇಲ್ಲ, ವೈಫೈ ಇಲ್ಲ. ಜನರೇಟರ್ ಮತ್ತು ಪ್ಯಾನೆಲ್ ಬೋರ್ಡ್ ಬೇಸ್‌ಮೆಂಟಿನಲ್ಲಿದ್ದರೆ ಮೊದಲು ಮುಳುಗೋದೇ ಅವು. ಮೊಬೈಲ್ ಟವರು ಬ್ಯಾಟರಿಯಲ್ಲಿ ಕೆಲವು ಗಂಟೆ ನಡೆಯುತ್ತೆ, ಆಮೇಲೆ ಡೀಸೆಲ್ ಬೇಕು. ಡೀಸೆಲ್ ತರುವ ಗಾಡಿ ಔಟರ್ ರಿಂಗ್ ರೋಡಿನಲ್ಲಿ ನಿಂತಿರುತ್ತೆ. ಉಳಿದ ಟವರುಗಳ ಮೇಲೆ ಎಲ್ಲರೂ ಒಟ್ಟಿಗೆ ಮುಗಿಬೀಳುತ್ತಾರೆ. ಅಂಥ ಹೊತ್ತಲ್ಲಿ ಕಾಲ್ ಹೋಗದಿದ್ದರೂ ಎಸ್‌ಎಂಎಸ್ ಸರದಿಯಲ್ಲಿ ಕಾದು ಹೋಗುವ ಸಾಧ್ಯತೆ ಹೆಚ್ಚು. 'ನಾನು ಸುರಕ್ಷಿತ, ಮೂರನೇ ಮಹಡಿಯಲ್ಲಿದ್ದೇನೆ' ಅಂತ ಊರಲ್ಲಿರುವ ಒಬ್ಬರಿಗೆ ಕಳಿಸಿ, ಉಳಿದವರೆಲ್ಲ ಅವರನ್ನೇ ಕೇಳಲಿ.

2023ರ ಅಕ್ಟೋಬರ್ 12ರಂದು ರಾಜ್ಯದ ಮೊಬೈಲುಗಳು ಒಟ್ಟೊಟ್ಟಿಗೆ ಕಿರುಚಿಕೊಂಡಿದ್ದು ಗೊತ್ತಲ್ಲ? ಅದು ಸೆಲ್ ಬ್ರಾಡ್‌ಕಾಸ್ಟ್ ಪರೀಕ್ಷೆ. ಟವರು ಒಂದೇ ಸಂದೇಶವನ್ನು ತನ್ನ ವ್ಯಾಪ್ತಿಯ ಎಲ್ಲ ಫೋನುಗಳಿಗೂ ಎರಚುತ್ತೆ. ಯಾರ ನಂಬರೂ ಬೇಡ, ದಟ್ಟಣೆಯ ತೊಂದರೆಯೂ ಇಲ್ಲ. ಒಳ್ಳೆಯ ವ್ಯವಸ್ಥೆ. ಆದರೆ ಟವರು ಬದುಕಿರಬೇಕು.

ಟವರಿನ ಹಂಗಿಲ್ಲದೆ ಸುದ್ದಿ ತಲುಪಿಸೋದು ಹಳೇ ರೇಡಿಯೊ ಮಾತ್ರ. ಬೆಂಗಳೂರು ಆಕಾಶವಾಣಿಯ ಮೀಡಿಯಂ ವೇವ್ 612 ಕಿಲೋಹರ್ಟ್ಸ್; ಎಫ್‌ಎಂನಲ್ಲಿ ರೇನ್‌ಬೋ 101.3, ವಿವಿಧ ಭಾರತಿ 102.9. ಎಫ್‌ಎಂ ಹೆಚ್ಚುಕಡಿಮೆ ಕಣ್ಣಳತೆಯ ದಾರಿಯಲ್ಲಿ ಸಾಗುತ್ತೆ, ಮೀಡಿಯಂ ವೇವ್ ನೆಲ ಹಿಡಿದು ದೂರ ಹೋಗುತ್ತೆ. ಎರಡೂ ಇರುವ ಪುಟ್ಟ ರೇಡಿಯೊ ಸಾವಿರ ರೂಪಾಯಿಯೊಳಗೆ ಸಿಗುತ್ತೆ. ಪೆನ್ಸಿಲ್ ಸೆಲ್ ಹಾಕುವಂಥದ್ದನ್ನೇ ಕೊಳ್ಳಿ. ಇಯರ್‌ಫೋನ್ ಹಾಕಿ ದಿನಕ್ಕೆ ಒಂದೆರಡು ಗಂಟೆ ಕೇಳಿದರೆ ಒಂದು ಜೊತೆ ಆಲ್ಕಲೈನ್ ಸೆಲ್ ವಾರಗಟ್ಟಲೆ ಬರುತ್ತೆ. ಸೆಲ್ಲನ್ನು ರೇಡಿಯೊ ಒಳಗೇ ಬಿಟ್ಟಿಡಬೇಡಿ, ಸೋರಿ ಸ್ಪ್ರಿಂಗ್ ತುಕ್ಕು ಹಿಡಿಯುತ್ತೆ.

'ನನ್ನ ಫೋನಲ್ಲೇ ರೇಡಿಯೊ ಇದೆ' ಅನ್ನುವವರು ಒಮ್ಮೆ ಡೇಟಾ, ವೈಫೈ ಎರಡನ್ನೂ ಆಫ್ ಮಾಡಿ ನೋಡಿ. ರೇಡಿಯೊ ಹೆಸರಿನ ಬಹುತೇಕ ಆ್ಯಪ್‌ಗಳು ಇಂಟರ್‌ನೆಟ್‌ನಿಂದ ಹಾಡು ತರುವಂಥವು. ನಿಜವಾದ ಎಫ್‌ಎಂ ರಿಸೀವರ್ ಇರುವ ಫೋನಿಗೂ ಸಾಮಾನ್ಯವಾಗಿ ವೈರ್ ಇಯರ್‌ಫೋನ್ ಬೇಕು, ಆ ವೈರೇ ಅದಕ್ಕೆ ಆಂಟೆನಾ. ಫೋನುಗಳಿಂದ ಎಫ್‌ಎಂ ಮಾಯವಾಗುತ್ತಿರುವುದನ್ನು ನೋಡಿ ಕೇಂದ್ರ ಐಟಿ ಸಚಿವಾಲಯ 2023ರ ಏಪ್ರಿಲ್‌ನಲ್ಲಿ, ಈ ಸೌಲಭ್ಯ ತೆಗೆಯಬೇಡಿ ಅಂತ ತಯಾರಕರಿಗೆ ಸೂಚಿಸಿತು. ವಿಪತ್ತಿನ ಸಂದರ್ಭವನ್ನೇ ಅದರಲ್ಲಿ ಕಾರಣವಾಗಿ ಕೊಟ್ಟಿತ್ತು. ಅದು ಸಲಹೆ ಅಷ್ಟೇ. ಕಡ್ಡಾಯ ಮಾಡಬೇಕಿತ್ತು ಅನ್ನೋದು ನನ್ನ ಅಭಿಪ್ರಾಯ.

ಕೇಳೋದು ಸುಲಭ. ಮಾತಾಡೋದಕ್ಕೆ ಕಾನೂನು ಅಡ್ಡ ಬರುತ್ತೆ, ಇಲ್ಲಿ ಸ್ವಲ್ಪ ನಿಧಾನ ಮಾಡೋಣ.

ಪ್ರವಾಹದ ರೀಲ್ಸ್ ನೋಡಿ ಆನ್‌ಲೈನಲ್ಲಿ ವಾಕಿಟಾಕಿ ಆರ್ಡರ್ ಮಾಡುವವರು ಹೆಚ್ಚಾಗಿದ್ದಾರೆ. ಅಗ್ಗಕ್ಕೆ ಸಿಗುವ ಚೈನಾ ಸೆಟ್‌ಗಳಲ್ಲಿ ಹಲವು, ಪೊಲೀಸರು ಮತ್ತಿತರ ಇಲಾಖೆಗಳ ತರಂಗಾಂತರಗಳಲ್ಲೂ ಮಾತಾಡಬಲ್ಲವು. ಪರವಾನಗಿ ಇಲ್ಲದೆ ಅವನ್ನು ಬಳಸೋದು ಅಪರಾಧ. 2025ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಇದೇ ವಿಷಯಕ್ಕೆ ಇ-ಕಾಮರ್ಸ್ ಜಾಲತಾಣಗಳಿಗೆ 13 ನೋಟಿಸ್ ಕೊಟ್ಟಿತ್ತು. ಲೈಸೆನ್ಸ್ ಬೇಡದ ಜಾಗವೂ ಇದೆ. 446.0ರಿಂದ 446.2 ಮೆಗಾಹರ್ಟ್ಸ್ ನಡುವಿನ ಕಡಿಮೆ ಶಕ್ತಿಯ ಸೆಟ್‌ಗಳಿಗೆ ವಿನಾಯಿತಿ ಇದೆ, ಸೆಟ್‌ಗೆ ಸರ್ಕಾರದ ಅನುಮೋದನೆ ಇರಬೇಕಷ್ಟೆ. 27 ಮೆಗಾಹರ್ಟ್ಸ್ ಸುತ್ತಲಿನ ಸಿಟಿಜನ್ ಬ್ಯಾಂಡ್‌ನಲ್ಲಿ 5 ವ್ಯಾಟ್‌ವರೆಗೆ ಅವಕಾಶವಿದೆ. ಡಬ್ಬದ ಮೇಲೆ ಎಷ್ಟೇ ಕಿಲೋಮೀಟರ್ ಬರೆದಿರಲಿ, 446ರ ಸೆಟ್ಟು ಕಾಂಕ್ರೀಟ್ ಕಟ್ಟಡಗಳ ನಡುವೆ ಕೆಲವು ನೂರು ಮೀಟರ್ ಎಳೆಯುತ್ತೆ. ಒಂದು ಅಪಾರ್ಟ್‌ಮೆಂಟಿಗೆ, ಪೀಣ್ಯದ ಒಂದು ಶೆಡ್ ಸಾಲಿಗೆ ಅಷ್ಟು ಸಾಕು.

ಅದಕ್ಕಿಂತ ದೂರ ಹೋಗಬೇಕೆಂದರೆ ಹ್ಯಾಮ್. ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗ ಪರೀಕ್ಷೆ ನಡೆಸಿ ಪರವಾನಗಿ ಕೊಡುತ್ತೆ. 12 ವರ್ಷ ತುಂಬಿದ ಯಾರು ಬೇಕಾದರೂ ಬರೆಯಬಹುದು. ಓಮನ ನಿಯಮ, ಆಂಟೆನಾ, ಒಂದಷ್ಟು ಕಾನೂನು: ಎಲೆಕ್ಟ್ರಾನಿಕ್ಸ್ ಇಂಜಿನಿಯರಿಂಗ್ ಓದಿದವರಿಗೆ ಮೂರನೇ ಸೆಮಿಸ್ಟರ್‌ಗಿಂತ ಸುಲಭ. ಆ ಡಿಗ್ರಿ ಇರುವವರು ಈ ಊರಲ್ಲಿ ಎಷ್ಟಿದ್ದಾರೆ ಅಂತ ನಾನು ಹೇಳಬೇಕಿಲ್ಲ. ಹ್ಯಾಮ್‌ಗಳಿಗೆಂದೇ ಇಸ್ರೋ 2005ರ ಮೇ 5ರಂದು ಹ್ಯಾಮ್‌ಸ್ಯಾಟ್ ಉಪಗ್ರಹ ಹಾರಿಸಿತ್ತು, 2014ರವರೆಗೆ ಅದು ಕೆಲಸ ಮಾಡಿತು. 7 ಮೆಗಾಹರ್ಟ್ಸ್ ಬ್ಯಾಂಡಿನಲ್ಲಿ ತಂತಿಯನ್ನು ತಗ್ಗಾಗಿ ಕಟ್ಟಿದರೆ ಅಲೆ ನೆಟ್ಟಗೆ ಮೇಲೇರಿ, ಅಯಾನುಗೋಳಕ್ಕೆ ಬಡಿದು ಮಳೆಯಂತೆ ಕೆಳಗಿಳಿಯುತ್ತೆ. ಹಗಲಲ್ಲಿ ಬೆಂಗಳೂರಿನಿಂದ ಮಡಿಕೇರಿಗೆ ನಡುವಿನ ಯಾವ ಟವರೂ ಇಲ್ಲದೆ ಮಾತಾಡಬಹುದು. ಬೇಕಿರೋದು ಒಂದು ಕಾರ್ ಬ್ಯಾಟರಿ.

2004ರ ಡಿಸೆಂಬರ್ 26ರಂದು ಸುನಾಮಿ ಬಂದಾಗ ಭಾರತಿ ಪ್ರಸಾದ್ ಮತ್ತವರ ತಂಡ ಹವ್ಯಾಸಿ ಪ್ರಸಾರಕ್ಕೆಂದು ಪೋರ್ಟ್ ಬ್ಲೇರ್‌ನಲ್ಲೇ ಇತ್ತು. ಫೋನ್ ಸತ್ತ ದ್ವೀಪಗಳ ಸುದ್ದಿಯನ್ನು ಮುಖ್ಯ ಭೂಮಿಗೆ ಮುಟ್ಟಿಸಿದವರಲ್ಲಿ ಅವರು ಮುಂಚೂಣಿಯಲ್ಲಿದ್ದರು. ಅವರ ಕೈಯಲ್ಲಿ ಸೆಟ್ಟಿತ್ತು ಅನ್ನೋದಕ್ಕಿಂತ, ವರ್ಷಗಳ ಅಭ್ಯಾಸವಿತ್ತು ಅನ್ನೋದು ಮುಖ್ಯ. ಕಪಾಟಿನಲ್ಲಿಟ್ಟ ವಾಕಿಟಾಕಿ ಪ್ರವಾಹದ ದಿನ ಮೊದಲ ಸಲ ಆನ್ ಆದರೆ ಯಾವ ಚಾನೆಲ್ ಅಂತಲೇ ಯಾರಿಗೂ ಗೊತ್ತಿರೋದಿಲ್ಲ.

ಇನ್ನು ಮನೆಯ ಸಾಮಾನು. ಕುಡಿಯೋದಕ್ಕೆ, ಅಡುಗೆಗೆ ಸೇರಿ ತಲೆಗೆ ದಿನಕ್ಕೆ 4 ಲೀಟರ್ ಇಟ್ಟುಕೊಂಡರೂ ನಾಲ್ವರಿಗೆ ಮೂರು ದಿನಕ್ಕೆ 48 ಲೀಟರ್, ಅಂದರೆ ಎರಡೂವರೆ ಕ್ಯಾನು. ಪ್ರವಾಹದ ನೀರು ಸೇರಿದ ಸಂಪು ಕುಡಿಯಲು ಮುಗಿದ ಹಾಗೆ. ಅವಲಕ್ಕಿ, ಹುರಿಗಡಲೆ, ಬೆಲ್ಲ, ಕಡಲೆಕಾಯಿ ಚಿಕ್ಕಿಗೆ ಒಲೆ ಬೇಡ. ಓಆರ್‌ಎಸ್, ಬಿಪಿ-ಶುಗರ್ ಮಾತ್ರೆ ಒಂದು ವಾರದ್ದು, ಪ್ಯಾಡು, ಟಾರ್ಚು. ಮೇಣದಬತ್ತಿ ಬೇಡ, ಗ್ಯಾಸ್ ಸೋರಿದ್ದರೆ ಕಥೆ ಮುಗೀತು. ಆಧಾರ್, ರೇಷನ್ ಕಾರ್ಡು, ಬಾಡಿಗೆ ಕರಾರು ಜಿಪ್ ಕವರಿನಲ್ಲಿ. ಪವರ್‌ಬ್ಯಾಂಕ್ ಮೇಲಿನ 20,000 ಎಂಎಎಚ್ ನಂಬಿ ನಾಲ್ಕು ಸಲ ಚಾರ್ಜ್ ಮಾಡ್ತೀನಿ ಅಂದುಕೊಳ್ಳಬೇಡಿ. ಅದು 3.7 ವೋಲ್ಟ್ ಲೆಕ್ಕ, 74 ವ್ಯಾಟ್-ಅವರ್. ಪರಿವರ್ತನೆಯಲ್ಲಿ ಹೋಗಿದ್ದು ಹೋಗಿ, 5,000ದ ಫೋನು ಎರಡೂವರೆ-ಮೂರು ಸಲ ತುಂಬುತ್ತೆ. ಮನೆ ಬಿಡುವ ಮುಂಚೆ ಮೆಯಿನ್ ಸ್ವಿಚ್ ಮತ್ತು ಗ್ಯಾಸ್ ರೆಗ್ಯುಲೇಟರ್ ಎರಡನ್ನೂ ಬಂದ್ ಮಾಡಿ.

ಈ ಪಟ್ಟಿ ಓದುತ್ತಾ 'ಕ್ಯಾನ್ ಇಡೋಕೆ ಜಾಗ ಎಲ್ಲಿದೆ' ಅಂತ ನಿಮಗನ್ನಿಸಿದ್ದರೆ ನೀವು ಪಿಜಿಯಲ್ಲೋ ಒಂದೇ ಕೋಣೆಯ ಮನೆಯಲ್ಲೋ ಇದ್ದೀರಿ. ಗೇಟಿನೊಳಗಿನ ಅಪಾರ್ಟ್‌ಮೆಂಟಿಗೆ ವಾಟ್ಸಾಪ್ ಗ್ರೂಪು, ಸೆಕ್ಯುರಿಟಿಯ ವಾಕಿಟಾಕಿ, ಟ್ಯಾಂಕರ್ ನಂಬರು ಎಲ್ಲ ಇದೆ. ಅದರ ಕಾಂಪೌಂಡಿಗೆ ಒರಗಿದ ತಗಡಿನ ಶೆಡ್ಡುಗಳಿಗೆ ಏನೂ ಇಲ್ಲ. ಮಳೆ ಬಂದರೆ ಸಾಫ್ಟ್‌ವೇರ್‌ನವರಿಗೆ ಮನೆಯಿಂದ ಕೆಲಸ, ಹೌಸ್‌ಕೀಪಿಂಗ್‌ನವರಿಗೆ ಹಾಗಲ್ಲ. 2025ರ ಮೇ 19ರ ಬೆಳಗ್ಗೆ ಮಹದೇವಪುರದ ಕಡೆ ಕಾಂಪೌಂಡ್ ಕುಸಿದು ಸತ್ತಿದ್ದು, ಐಟಿ ಕಂಪನಿಗೆ ಗುಡಿಸಲು ಬಂದಿದ್ದ ಮಹಿಳೆ. ಎಲೆಕ್ಟ್ರಾನಿಕ್ ಸಿಟಿಯ ಒಳಗೆ ಎಲ್ಸಿಟಾ ಎಂಬ ಪ್ರತ್ಯೇಕ ಟೌನ್‌ಶಿಪ್ ಆಡಳಿತವಿದೆ. ಅಲ್ಲಿ ದುಡಿಯುವ ಬಹಳಷ್ಟು ಜನ ಮಲಗೋದು ಅದರ ಗಡಿಯಾಚೆಯ ದೊಡ್ಡತೋಗೂರಿನಲ್ಲಿ, ಹೆಬ್ಬಗೋಡಿಯಲ್ಲಿ. ನೀರಿಗೆ ಗಡಿ ಗೊತ್ತಿಲ್ಲ, ಕಂಟ್ರೋಲ್ ರೂಮಿಗೆ ಗೊತ್ತು.

ಹಾಗಾಗಿ ರೇಡಿಯೊ ಕೊಳ್ಳಿ ಅಂತ ಹೇಳಿ ಸರ್ಕಾರವನ್ನು ಬಿಟ್ಟುಬಿಡೋಕಾಗಲ್ಲ. ವಿಪತ್ತು ನಿರ್ವಹಣಾ ಕಾಯ್ದೆಗೆ 2025ರಲ್ಲಿ ಬಂದ ತಿದ್ದುಪಡಿ, ರಾಜಧಾನಿಗಳಿಗೆ ಮತ್ತು ಮಹಾನಗರ ಪಾಲಿಕೆ ಇರುವ ನಗರಗಳಿಗೆ ನಗರ ವಿಪತ್ತು ನಿರ್ವಹಣಾ ಪ್ರಾಧಿಕಾರ ರಚಿಸಲು ದಾರಿ ಮಾಡಿದೆ. ನಮ್ಮಲ್ಲಿ ಈಗ ಬಿಬಿಎಂಪಿ ಹೋಗಿ ಐದು ಪಾಲಿಕೆಗಳು ಬಂದಿವೆ. ನಿಮ್ಮ ವಾರ್ಡ್ ಸಮಿತಿಯಲ್ಲಿ ಕೇಳಬಹುದಾದ ಪ್ರಶ್ನೆಗಳು: ಟವರು ಸತ್ತರೆ ವಾರ್ಡ್ ಕಚೇರಿ ಕಂಟ್ರೋಲ್ ರೂಮಿನ ಜೊತೆ ಹೇಗೆ ಮಾತಾಡುತ್ತೆ? ಪರವಾನಗಿ ಇರುವ ಹ್ಯಾಮ್‌ಗಳ ಪಟ್ಟಿ ಇದೆಯೇ? ಶೆಡ್ಡುಗಳ ಕಡೆಗೆ ಮೈಕ್ ಕಟ್ಟಿದ ಆಟೊ ಕಳಿಸುವುದು ಯಾರ ಕೆಲಸ? ಎಚ್ಚರಿಕೆ ಹಿಂದಿಯಲ್ಲಿ, ಬಂಗಾಳಿಯಲ್ಲಿ, ಒಡಿಯಾದಲ್ಲೂ ಇರುತ್ತದೆಯೇ?

ಫೋನಿನಲ್ಲಲ್ಲ, ಕಾಗದದ ಮೇಲೆ ಬರೆದು ಬಾಗಿಲ ಹಿಂದೆ ಅಂಟಿಸಬೇಕಾದ ನಂಬರುಗಳು: ತುರ್ತಿಗೆ 112, ಜಿಲ್ಲಾ ವಿಪತ್ತು ಕಂಟ್ರೋಲ್ ರೂಮ್ 1077, ಬೆಸ್ಕಾಂ 1912, ಜಲಮಂಡಳಿ 1916, ಮಳೆ ಮುನ್ಸೂಚನೆಗೆ ಯಲಹಂಕದ ವಿಪತ್ತು ಉಸ್ತುವಾರಿ ಕೇಂದ್ರದ ವರುಣಮಿತ್ರ 92433 45433. ಜೊತೆಗೆ ಊರಲ್ಲಿರುವ ಆ ಒಬ್ಬರ ನಂಬರು, ಮತ್ತು 612.