ಹುತ್ತದ ಮಣ್ಣು, ಸಗಣಿ, ಸುಣ್ಣ: ಒಂದು ಮನೆವಾರ್ತೆಯ ಚರಿತ್ರೆ

ಕೋಲಾರ ತಾಲ್ಲೂಕಿನ ಹೋಬಳಿಗಳ ಪೈಕಿ ಹುತ್ತೂರು ಒಂದು. ಹುತ್ತವಿದ್ದ ಊರು ಹುತ್ತೂರು ಎಂದು ಅಲ್ಲಿಯ ಮಕ್ಕಳೂ ಹೇಳಿಬಿಡುತ್ತಾರೆ; ಭಾಷಾಶಾಸ್ತ್ರಜ್ಞರು ಬೇರೆ ದಾರಿ ಹಿಡಿದರೆ ನನ್ನ ತಕರಾರಿಲ್ಲ. ನನ್ನ ದೊಡ್ಡಮ್ಮನನ್ನು ಆ ಊರಿಗೆ ಕೊಟ್ಟಿತ್ತು. ಬೇಸಿಗೆಯ ರಜೆಯಲ್ಲಿ ನಾವು ಹುಡುಗರು ಅಲ್ಲಿಗೆ ಹೋದರೆ ನಮಗೊಂದು ಕೆಲಸ ಕಾದಿರುತ್ತಿತ್ತು. ಮಂಕರಿ ಕೊಟ್ಟು ಹುತ್ತದ ಮಣ್ಣು ತರಲು ಕಳಿಸುತ್ತಿದ್ದರು. ಅರಿಶಿನ ಕುಂಕುಮ ಕಂಡ ಹುತ್ತವನ್ನು ಮುಟ್ಟಕೂಡದು. ಹಾಳುಬಿದ್ದದ್ದನ್ನು ಹುಡುಕಿ ಅಗೆಯಬೇಕು. ತಂದ ಮಣ್ಣನ್ನು ದೊಡ್ಡಮ್ಮ ಕುಟ್ಟಿ, ಜರಡಿ ಹಿಡಿದು, ರಾತ್ರಿಯೆಲ್ಲ ನೆನೆಯಿಟ್ಟು, ಬೆಳಿಗ್ಗೆ ಸಗಣಿಯೊಡನೆ ಕಲಸಿ, ಸವೆದುಹೋದ ನೆಲಕ್ಕೆ ಮೆತ್ತುತ್ತಿದ್ದರು. ಅಂಗಡಿಯ ಯಾವ ಮಣ್ಣಿಗೂ ಬಾರದ ನಯ ಅದಕ್ಕಿತ್ತು. ಗೆದ್ದಲು ಕಣಕಣವಾಗಿ ಆರಿಸಿ ತಂದು, ತನ್ನ ಎಂಜಲಿನಿಂದ ಅಂಟಿಸಿದ ಮಣ್ಣದು; ಕಲ್ಲಿಲ್ಲ, ಹರಳಿಲ್ಲ.

ಮನೆಯನ್ನು ಹೇಗೆ ಇಟ್ಟುಕೊಳ್ಳಬೇಕು, ಗೋಡೆಗೆ ಯಾವ ಬಣ್ಣ ಒಪ್ಪುತ್ತದೆ, ನೆಲದ ಕಲೆ ಹೇಗೆ ಹೋಗುತ್ತದೆ ಎಂಬ ಸಲಹೆಗಳು ಪತ್ರಿಕೆಗಳಲ್ಲಿ ಬಾರದ ವಾರವಿಲ್ಲ. ಇದೆಲ್ಲ ಹೊಸಗಾಲದ ಷೋಕಿ ಎನ್ನುವ ಸಹೋದ್ಯೋಗಿಗಳು ನನಗಿದ್ದಾರೆ. ಅವರಿಗೆ ಚಾವುಂಡರಾಯನ ‘ಲೋಕೋಪಕಾರ’ವನ್ನು ನೆನಪಿಸುತ್ತೇನೆ. ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನಲ್ಲ, ಚಾಲುಕ್ಯ ಜಯಸಿಂಹನ ಆಶ್ರಯದಲ್ಲಿದ್ದ ಇನ್ನೊಬ್ಬನು. ಸುಮಾರು 1025ರಲ್ಲಿ ಆತ ಬರೆದ ಈ ಗ್ರಂಥದಲ್ಲಿ ವಾಸ್ತು, ನೀರಿನ ಸೆಲೆ ಹುಡುಕುವ ವಿಧಾನ, ಗಿಡಮರಗಳ ಆರೈಕೆ, ಸುಗಂಧ, ಅಡಿಗೆ ಎಲ್ಲಕ್ಕೂ ಜಾಗವುಂಟು. ಹದಿನಾರನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸನು ಅಡಿಗೆಗೇ ಒಂದು ‘ಸೂಪಶಾಸ್ತ್ರ’ವನ್ನು ರಚಿಸಿದನು. ಮನೆ ಕಟ್ಟುವುದಕ್ಕೆ ಶಾಸ್ತ್ರ ಹುಟ್ಟಿತು, ಕಟ್ಟಿದ ಮನೆಯಲ್ಲಿ ಉಣ್ಣುವುದಕ್ಕೂ ಶಾಸ್ತ್ರ ಹುಟ್ಟಿತು. ಇವೆರಡರ ನಡುವೆ ದಿನವೂ ಗುಡಿಸಿ, ಸಾರಿಸಿ, ಬಳಿದು ಮನೆಯನ್ನು ಮನೆಯಾಗಿ ಉಳಿಸುವ ಕೆಲಸಕ್ಕೆ ಒಂದು ಅಧ್ಯಾಯವೂ ದಕ್ಕಲಿಲ್ಲ. ಬರೆಯುವ ಕೈ ಬೇರೆ, ಸಾರಿಸುವ ಕೈ ಬೇರೆಯಾಗಿತ್ತು. ಎರಡೂ ಒಂದಾದದ್ದು ಅಪರೂಪ. ಅಂಗಳ ಗುಡಿಸುವುದನ್ನೇ ಕಾಯಕ ಮಾಡಿಕೊಂಡಿದ್ದಳೆಂದು ಪರಂಪರೆ ಹೇಳುವ ಹನ್ನೆರಡನೆಯ ಶತಮಾನದ ವಚನಕಾರ್ತಿ ಸತ್ಯಕ್ಕ ಅಂಥವಳು.

ಕೋಲಾರ ಸೀಮೆಯ ಶಾಸನಗಳನ್ನು ರೈಸ್ ಸಾಹೇಬರು 1905ರಲ್ಲಿ ಒಂದು ದೊಡ್ಡ ಸಂಪುಟವಾಗಿ ಪ್ರಕಟಿಸಿದರು. ಕೆರೆ ಕಟ್ಟಿಸಿದವರು, ದತ್ತಿ ಬಿಟ್ಟವರು, ತುರುಗಾಳಗದಲ್ಲಿ ಮಡಿದವರು ಅಲ್ಲಿ ಸಾಲುಸಾಲಾಗಿ ಸಿಗುತ್ತಾರೆ. ಮನೆಯ ನೆಲದ ಸುದ್ದಿಯನ್ನು ಅಲ್ಲಿ ಹುಡುಕುವುದು ನ್ಯಾಯವಲ್ಲ. ಶಾಸನ ಕಲ್ಲಿನ ಮೇಲಿನ ಬರವಣಿಗೆ. ಸಾರಣೆ ಮಣ್ಣಿನ ಮೇಲಿನದು, ವಾರಕ್ಕೊಮ್ಮೆ ಅಳಿಸಿ ಬರೆಯುವಂಥದು. ಅದರ ಚರಿತ್ರೆಯನ್ನು ಮನೆಗಳನ್ನೇ ನೋಡಿ, ಹಿರಿಯ ಹೆಂಗಸರನ್ನೇ ಕೇಳಿ ತಿಳಿಯಬೇಕು.

ಈ ಸೀಮೆಯಲ್ಲಿ ಮರಕ್ಕೆ ಬರ, ಕಲ್ಲಿಗೆ ಬರವಿಲ್ಲ. ಮಲೆನಾಡಿನವರು ಮರದ ಕಂಬ ನಿಲ್ಲಿಸುವ ಕಡೆ ಕೋಲಾರದವರು ಕಲ್ಲುಕಂಬ ನಿಲ್ಲಿಸಿದರು. ಹಲಗೆಯ ಬದಲು ಚಪ್ಪಡಿ ಹಾಸಿದರು. ದ್ರಾಕ್ಷಿ ಬಳ್ಳಿಯ ಚಪ್ಪರಕ್ಕೂ ಕಲ್ಲುಕಂಬವೇ. ಕಲ್ಲು ಅಗ್ಗವೆಂಬುದು ಒಂದು ಕಾರಣ, ಗೆದ್ದಲು ಅದನ್ನು ತಿನ್ನಲಾರದೆಂಬುದು ಇನ್ನೊಂದು. ಬಾಗಿಲುವಾಡವನ್ನು ತಿಂದು ಪುಡಿಮಾಡುವ ಹುಳುವೇ ನೆಲಕ್ಕೆ ನಯವಾದ ಮಣ್ಣನ್ನೂ ಕೊಡುತ್ತಿತ್ತು. ಆ ಮನೆಗಳ ಗೃಹಿಣಿಗೆ ಗೆದ್ದಲಿನೊಡನೆ ಹಗೆಯೂ ಉಂಟು, ಬಳಕೆಯೂ ಉಂಟು.

ಸಾರಿಸುವುದನ್ನು ಕುರಿತು ತುಸು ವಿಸ್ತಾರವಾಗಿ ಹೇಳಬೇಕು. ಶ್ರೀನಿವಾಸಪುರ, ಮುಳಬಾಗಿಲುಗಳ ತೆಲುಗು ಮನೆಮಾತಿನವರು ಅಲುಕುವುದು ಎನ್ನುತ್ತಾರೆ, ರಂಗೋಲೆಯನ್ನು ಮುಗ್ಗು ಎನ್ನುತ್ತಾರೆ, ಕೆಲಸ ಒಂದೇ. ಹೊಸ ಸಗಣಿಯಲ್ಲಿ ಹಸು ಅರಗಿಸಿಕೊಳ್ಳದ ಹುಲ್ಲಿನ ನಾರು ಇರುತ್ತದೆ. ಅದು ಮಣ್ಣನ್ನು ಹಿಡಿದಿಟ್ಟು ಧೂಳು ಏಳದಂತೆ ಮಾಡುತ್ತದೆ. ನೀರು ಹೆಚ್ಚಾದರೆ ನೆಲ ಒಣಗಿದ ಮೇಲೆ ಬಿರಿಯುತ್ತದೆ, ಕಡಿಮೆಯಾದರೆ ಚಕ್ಕೆ ಏಳುತ್ತದೆ. ಒಳಗೋಡೆಯಿಂದ ಹಿಂದಕ್ಕೆ ಸರಿಯುತ್ತ, ಅಂಗೈಯನ್ನು ಅರ್ಧಚಂದ್ರಾಕಾರವಾಗಿ ಆಡಿಸುತ್ತ, ಬಾಗಿಲ ಬಳಿ ಮುಗಿಸಬೇಕು. ಇಲ್ಲವಾದರೆ ಸಾರಿಸಿದವಳ ಹೆಜ್ಜೆಯೇ ನೆಲದಲ್ಲಿ ಮೂಡುತ್ತದೆ. ಕಪ್ಪು ಬಣ್ಣ ಬೇಕೆಂದರೆ ಇದ್ದಲ ಪುಡಿ ಬೆರೆಸುತ್ತಿದ್ದರು. ಹಬ್ಬಕ್ಕೆ ಗೋಡೆಯ ಬುಡದಲ್ಲಿ ಕೆಮ್ಮಣ್ಣಿನ ಪಟ್ಟೆ, ಅದರಂಚಿಗೆ ಸುಣ್ಣದ ಗೆರೆ. ಕೆಮ್ಮಣ್ಣಿನ ಪಟ್ಟೆ ಅಲಂಕಾರವೂ ಹೌದು, ಮಳೆಯಲ್ಲಿ ಸಿಡಿಯುವ ಕೆಸರಿನ ಕಲೆಯನ್ನು ಮುಚ್ಚುವ ಉಪಾಯವೂ ಹೌದು.

ಮಣ್ಣಿನ ನೆಲ ತಂಪು, ಮಣ್ಣಿನ ನೆಲ ಹಿತ ಎಂದು ಪಟ್ಟಣದಲ್ಲಿ ಕುಳಿತು ಬರೆಯುವುದು ಸುಲಭ. ಸೊಂಟ ಬಗ್ಗಿಸಿ ಮಂಡಿಯೂರಿ ಐವತ್ತು ವರ್ಷ ಸಾರಿಸಿದವರನ್ನು ಕೇಳಿದರೆ ಬೇರೆ ಉತ್ತರ ಬರುತ್ತದೆ. ಉಳ್ಳವರ ಮನೆಗಳಲ್ಲಂತೂ ಅಂಗಳ, ಜಗಲಿ, ಕೊಟ್ಟಿಗೆಗಳ ಈ ಕೆಲಸ ಕೂಲಿಯ ಹೆಂಗಸಿನದು. ಜಗಲಿಯನ್ನು ಕನ್ನಡಿಯಂತೆ ಮಾಡಿದವಳು ನಡುಮನೆಗೆ ಕಾಲಿಡಕೂಡದೆಂಬ ಕಟ್ಟಳೆ ಎಷ್ಟೋ ಮನೆಗಳಲ್ಲಿತ್ತು. ಮನೆಯ ಅಂದವನ್ನು ಹೊಗಳುವಾಗ ಈ ಮಾತನ್ನು ಬಿಟ್ಟರೆ ಚರಿತ್ರೆ ಅರ್ಧವಾಗುತ್ತದೆ.

ಸುಣ್ಣದ ವಿಷಯ ಎಲ್ಲರಿಗೂ ತಿಳಿದದ್ದೇ. ನೆನೆದ ಸುಣ್ಣಕ್ಕೆ ಗಂಜಿಯನ್ನೋ ಗೋಂದನ್ನೋ ಬೆರೆಸಿದರೆ ಒರಗಿದವರ ಬೆನ್ನಿಗೆ ಹತ್ತುವುದಿಲ್ಲ. ಚಿಟಿಕೆ ನೀಲಿ ಹಾಕಿದರೆ ಬಿಳುಪು ಎದ್ದು ಕಾಣುತ್ತದೆ. ಬೆಂಗಳೂರಿಗೆ 1898ರಲ್ಲಿ ಪ್ಲೇಗು ಬಂದಮೇಲೆ ಸುಣ್ಣ ಬಳಿಯುವುದು ಹಬ್ಬದ ಕೆಲಸವಷ್ಟೇ ಆಗಿ ಉಳಿಯಲಿಲ್ಲ, ಆರೋಗ್ಯದ ಕೆಲಸವೂ ಆಯಿತು. ಮನೆಯೊಳಗೆ ಗಾಳಿ ಬೆಳಕು ಆಡಬೇಕೆಂಬ ಮಾತು ಆ ಕಾಲದ ಭಯದಿಂದಲೇ ಹೆಚ್ಚಾಗಿ ಬೇರೂರಿತು.

ಮಾಡಿನ ಕಥೆ ಬೇರೆ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ನಾಡಹೆಂಚಿನ ಜಾಗಕ್ಕೆ ಆ ಮಾದರಿಯ ಹೆಂಚು ಮೆಲ್ಲನೆ ಬಂದು, ಕೊನೆಗೆ ನಮ್ಮ ಮಾಲೂರೇ ಇಟ್ಟಿಗೆ ಹೆಂಚುಗಳಿಗೆ ಹೆಸರಾಯಿತು. ಮಾಡಿನ ಕೆಳಗಿನ ಜಂತೆಗಳನ್ನು ಕಾಯುತ್ತಿದ್ದುದು ಒಲೆಯ ಹೊಗೆ. ಮಸಿ ಹಿಡಿದ ಬಿದಿರಿಗೆ ಹುಳು ಬೀಳುವುದು ಕಡಿಮೆ. ಅದೇ ಹೊಗೆ ಹೆಂಗಸರ ಕಣ್ಣನ್ನೂ ಎದೆಯನ್ನೂ ಸುಟ್ಟಿತು. ಭಾರತೀಯ ವಿಜ್ಞಾನ ಮಂದಿರದವರು ರೂಪಿಸಿದ ‘ಅಸ್ತ್ರ ಒಲೆ’ 1980ರ ದಶಕದಲ್ಲಿ ಹಳ್ಳಿಗಳಿಗೆ ಬಂತು, ಆಮೇಲೆ ಅನಿಲದ ಸಿಲಿಂಡರು ಬಂತು. ಜಂತೆಗೆ ಹುಳು ಬಿತ್ತೆಂದು ದೊಡ್ಡಮ್ಮ ದೂರಿದ್ದುಂಟು. ಆದರೆ ಹಳೆಯ ಒಲೆಗೆ ಮರಳುವ ಮಾತನ್ನು ಅವರು ಎಂದೂ ಆಡಲಿಲ್ಲ.

ಕೋಲಾರದ ಮನೆವಾರ್ತೆಯನ್ನು ನಿಜವಾಗಿ ಆಳಿದ್ದು ರೇಷ್ಮೆ ಹುಳು. ಎಷ್ಟೋ ಮನೆಗಳಲ್ಲಿ ನಡುಮನೆಯೇ ಹುಳುವಿನ ಮನೆ. ಮನುಷ್ಯರು ಮೂಲೆಯಲ್ಲಿ ಮಲಗಬೇಕು. ಬಿದಿರಿನ ತಟ್ಟೆಗಳನ್ನು ಸಗಣಿಯಿಂದ ಸಾರಿಸಿ ಬಿಸಿಲಿಗಿಡುತ್ತಿದ್ದರು. ಹುಳು ಹಣ್ಣಾದಾಗ ಚಂದ್ರಿಕೆಗಳು ಜಗಲಿಯ ಗೋಡೆಗೆ ಒರಗಿ ನಿಂತರೆ ಅದಕ್ಕಿಂತ ಚೆಲುವಾದ ಅಲಂಕಾರ ಬೇಕಿರಲಿಲ್ಲ. ಕರ್ನಾಟಕಕ್ಕೆ 1980ರಲ್ಲಿ ಬಂಗಾಳದ ಕಡೆಯಿಂದ ಊಜಿ ನೊಣ ಬಂತು. ಹುಳುವಿನ ಮೈಮೇಲೆ ಮೊಟ್ಟೆಯಿಟ್ಟು ಬೆಳೆಯನ್ನೇ ಕೆಡಿಸುವ ನೊಣವದು. ಕಿಟಕಿ ಬಾಗಿಲುಗಳಿಗೆಲ್ಲ ಜಾಲರಿ ಬಿತ್ತು. ಪಟ್ಟಣದವರು ಸೊಳ್ಳೆಗೆಂದು ಕಿಟಕಿಗೆ ಬಲೆ ಹಾಕಿಸಿಕೊಳ್ಳುವ ಮೊದಲೇ ಈ ಹಳ್ಳಿಗಳ ಮನೆಗಳು ಹುಳುವಿಗೋಸ್ಕರ ಬಲೆ ಕಟ್ಟಿಕೊಂಡಿದ್ದವು!

ಗಾರೆ, ಕೆಂಪು ಸಿಮೆಂಟು, ಈಗ ಹೊಳೆಯುವ ಟೈಲ್ಸು. ಮಂಡಿಗೆ ಬಿಡುವು ಸಿಕ್ಕಿತು, ಸಂತೋಷ. ಆದರೆ ಸಗಣಿ ನೆಲಕ್ಕೆ ವಾರಕ್ಕೊಂದು ಬಿಂದಿಗೆ ನೀರು ಸಾಕಿತ್ತು. ಈ ನೆಲವನ್ನು ದಿನವೂ ಒರೆಸಬೇಕು, ಅದೂ ಆಳಕ್ಕೆ ಕೊರೆದ ಕೊಳವೆಬಾವಿಯ ಗಡಸು ನೀರಿನಲ್ಲಿ. ಒಣಗಿದ ಮೇಲೆ ಉಪ್ಪಿನ ಬಿಳಿ ಕಲೆ ಉಳಿಯುತ್ತದೆ. ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರು 2018ರಿಂದ ಕೋಲಾರದ ಕೆರೆಗಳಿಗೆ ಹರಿಯತೊಡಗಿದೆ. ನೀರಿನ ಕಷ್ಟ ಎಷ್ಟರದೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ದೊಡ್ಡಮ್ಮನ ಮನೆಗೂ ಟೈಲ್ಸು ಬಂದಿದೆ. ಕಳೆದ ಸಲ ಹೋದಾಗ ಪುಸ್ತಕ ತೆರೆದು ಕೇಳಿದೆ: “ಎಷ್ಟು ಮಣ್ಣಿಗೆ ಎಷ್ಟು ಸಗಣಿ, ದೊಡ್ಡಮ್ಮ?”

“ಅದಕ್ಕೇನು ಸೇರು ಪಾವು ಇಟ್ಕೊಂಡಿದ್ನೇನೋ? ಕೈಗೆ ಗೊತ್ತಾಗ್ತದೆ ಕಣಪ್ಪ,” ಎಂದು ನಕ್ಕರು.

ನಾನು ಬಿಡಲಿಲ್ಲ. ಹಿತ್ತಲಿಗೆ ಕರೆದುಕೊಂಡು ಹೋಗಿ, ಮೊಮ್ಮಗಳಿಂದ ಸಗಣಿ ತರಿಸಿ, ಕಲ್ಲಿನ ಮೇಲೆ ಕುಳಿತಲ್ಲಿಂದಲೇ ಕಲಸಿ ತೋರಿಸಿದರು. ನಾನು ಬೊಗಸೆಗಳನ್ನು ಎಣಿಸಿ ಬರೆದುಕೊಂಡೆ. ಮೂರು ಬೊಗಸೆ ಮಣ್ಣಿಗೆ ಎರಡು ಬೊಗಸೆ ಸಗಣಿ. ಅವರ ಕೈ ಚಿಕ್ಕದೆಂಬುದು ಊರಿಗೆ ಹಿಂದಿರುಗುವ ಬಸ್ಸಿನಲ್ಲಿ ನೆನಪಾಯಿತು.